ನೀವು ಕೇಳಿದ್ದು: ಅಜ್ಜನ ಕೆನ್ನೆಯ ಮೇಲೆ ಈ ಕಲೆಗಳೇಕೆ?

ಪ್ರಶ್ನೆ: ಮನೆತನದ ಸ್ಮರಣ ಸಂಚಿಕೆಗಾಗಿ ಅಜ್ಜನ ಹಳೆಯ ಫೋಟೊವನ್ನು ಬರೀ ಕಪ್ಪು-ಬಿಳಿ ಚುಕ್ಕೆಗಳಿಗೆ ಇಳಿಸಬೇಕಿತ್ತು. ನೇರವಾಗಿ ಇಳಿಸಿದಾಗ ಅರ್ಧ ಮುಖ ಮಸಿಯಾಯಿತು. ನಾಯ್ಸ್ (ಪ್ರತಿ ಚುಕ್ಕೆಯ ಬೂದಿಗೆ ಮನಬಂದಂತೆ ಒಂದಿಷ್ಟು ಏರಿಳಿತ) ಬೆರೆಸಿ ಇಳಿಸಿದೆ. ಮುಖ ಬಂತು, ಆದರೆ ಕೆನ್ನೆಯ ತುಂಬ ಕಲೆ. ಯಾವ ಚುಕ್ಕೆಗೂ ಪಕ್ಷಪಾತ ಮಾಡದ ವಿಧಾನದಲ್ಲಿ ಹೀಗೇಕೆ?
– ಓದುಗರೊಬ್ಬರು, ಶಿರಸಿ

ಉತ್ತರ: ಪಕ್ಷಪಾತವಿಲ್ಲ, ನಿಜ. ನೆರೆಹೊರೆಯ ಪರಿವೆಯೂ ಇಲ್ಲ! ಕಪ್ಪು 0, ಬಿಳಿ 255 ಎಂಬ ಲೆಕ್ಕದಲ್ಲಿ ಕೆನ್ನೆಯ ಬೂದು 192 ಎಂದಿಟ್ಟುಕೊಳ್ಳಿ. 16 ಮನೆಗಳ (ಒಂದು ಮನೆ ಅಂದರೆ ಒಂದು ಚುಕ್ಕೆಯ ಜಾಗ) ಪುಟ್ಟ ಚೌಕದಲ್ಲಿ ಸುಮಾರು 4 ಮನೆ ಕಪ್ಪಾಗಬೇಕು. ಪ್ರತಿ ಮನೆಯೂ ತನ್ನಷ್ಟಕ್ಕೆ ಚೀಟಿ ಎತ್ತಿದರೆ ಒಂದು ಚೌಕದಲ್ಲಿ 2, ಪಕ್ಕದ್ದರಲ್ಲಿ 7. ಇಡೀ ಕೆನ್ನೆಯ ಸರಾಸರಿ ಸರಿಯಾಗಿಯೇ ಇರುತ್ತದೆ. ಆದರೆ ಕಣ್ಣು ಸರಾಸರಿ ತೆಗೆಯುವುದು ಇಂಥ ಸಣ್ಣ ಸಣ್ಣ ಜಾಗಗಳಲ್ಲಿ. ಎರಚಿ ಬಿತ್ತಿದ ರಾಗಿಯಂತೆ ಒಂದೆಡೆ ಒತ್ತು, ಒಂದೆಡೆ ಬಯಲು. ಅದೇ ನಿಮಗೆ ಕಂಡ ಕಲೆ.

1962ರಲ್ಲಿ ಅಮೆರಿಕದ ಎಂಜಿನಿಯರ್ ಲಾರೆನ್ಸ್ ರಾಬರ್ಟ್ಸ್ ಚಿತ್ರಗಳನ್ನು ಕಡಿಮೆ ಬಗೆಯ ಬೂದುಗಳಲ್ಲಿ, ಅಂದರೆ ಕಡಿಮೆ ಬಿಟ್‌ಗಳಲ್ಲಿ ಕಳುಹಿಸಲು ನಾಯ್ಸ್ ಬೆರೆಸಿದರು. ಬೂದು ಮೆಟ್ಟಿಲು ಮೆಟ್ಟಿಲಾಗಿ ಒಡೆಯುವುದು ಅದರಿಂದ ತಪ್ಪಿತು. ಅವರಿಗೊಂದು ಅನುಕೂಲವಿತ್ತು: ಬೆರೆಸಿದ್ದನ್ನೇ ಇನ್ನೊಂದು ತುದಿಯಲ್ಲಿ ಕಳೆಯಬಹುದಿತ್ತು. ಕಾಗದದ ಮೇಲೆ ಬಿದ್ದ ಮಸಿಯಿಂದ ಏನನ್ನು ಕಳೆಯುತ್ತೀರಿ?

ನಿಮ್ಮ ತಂತ್ರಾಂಶದಲ್ಲಿ ‘ಡಿಫ್ಯೂಷನ್’ ಎಂಬ ಆಯ್ಕೆ ಇದ್ದರೆ ಅದನ್ನು ಒತ್ತಿ ನೋಡಿ. ಅದರ ಮೂಲ, 1976ರಲ್ಲಿ ಫ್ಲಾಯ್ಡ್ ಮತ್ತು ಸ್ಟೈನ್‌ಬರ್ಗ್ ಪ್ರಕಟಿಸಿದ ವಿಧಾನ. ಅಲ್ಲಿ 192 ಇದ್ದ ಮನೆಗೆ ಬಿಳಿ ಕೊಟ್ಟರೆ 63 ಹೆಚ್ಚು ಕೊಟ್ಟಂತಾಯಿತು. ಆ ಸಾಲವನ್ನು ನೆರೆಯವರಿಂದಲೇ ವಸೂಲು ಮಾಡುತ್ತಾರೆ: 16ರಲ್ಲಿ 7 ಪಾಲು ಬಲಗಡೆಯ ಮನೆಯಿಂದ, ಉಳಿದ 9 ಪಾಲು ಕೆಳಗಿನ ಮೂರು ಮನೆಗಳಿಂದ. ಬಲಗಡೆಯ 192 ಹೀಗೆ 164ಕ್ಕೆ ಇಳಿಯುತ್ತದೆ. ಸಾಲ ಏರಿದಂತೆ ಎಲ್ಲೋ ಒಂದು ಮನೆ ಕಪ್ಪಾಗಲೇಬೇಕು. ಒಮ್ಮೆ ಕಪ್ಪಾದರೆ ಅದರ ಅಕ್ಕಪಕ್ಕ ಸದ್ಯಕ್ಕೆ ಇನ್ನೊಂದು ಏಳುವುದಿಲ್ಲ. ಕಪ್ಪು ಚುಕ್ಕೆಗಳು ಅಂತರ ಕಾಯ್ದುಕೊಳ್ಳುತ್ತವೆ. ನಸುಬೂದಿನಲ್ಲಿ ಕೆಲವೊಮ್ಮೆ ಹುಳು ಹರಿದಂಥ ಗೆರೆಗಳು ಕಾಣುತ್ತವೆ, ನಿಜ. ನನ್ನ ಮಟ್ಟಿಗೆ ಕಲೆಗಿಂತ ಅದು ವಾಸಿ.

ಆದರೆ ಸಂಚಿಕೆಯನ್ನು ಜೆರಾಕ್ಸ್ ಮಾಡಿಸುವುದಾದರೆ, ಅಥವಾ ಮಸಿ ಹೀರುವ ಅಗ್ಗದ ಕಾಗದವಾದರೆ, ಡಿಫ್ಯೂಷನ್ ಬೇಡ. ಒಂಟಿ ಚುಕ್ಕೆಗಳು ಕೆಲವು ಮಾಯವಾಗುತ್ತವೆ, ಕೆಲವು ಊದಿಕೊಳ್ಳುತ್ತವೆ. ಅಲ್ಲಿಗೆ ದಪ್ಪ-ಸಣ್ಣ ಚುಕ್ಕೆಗಳ ಸಾಲಿನಲ್ಲಿ ಬೂದು ತೋರಿಸುವ, ಪತ್ರಿಕೆಗಳ ಹಳೆಯ ಹಾಫ್‌ಟೋನೇ ಸರಿ: 600 ಡಿಪಿಐಗೆ (ಅಂಗುಲಕ್ಕೆ 600 ಚುಕ್ಕೆ ಹಾಕುವ ಮುದ್ರಣಕ್ಕೆ) ಅಂಗುಲಕ್ಕೆ ಅಂಥ 85 ಸಾಲು, 45 ಡಿಗ್ರಿ ಓರೆ. ಸುಮಾರು 50 ಬಗೆಯ ಬೂದು ಸಿಗುತ್ತದೆ, ಮುಖಕ್ಕೆ ಅಷ್ಟು ಸಾಕು. ಆಫ್‌ಸೆಟ್ ಪ್ರೆಸ್ಸಿಗೆ ಕೊಡುವುದಾದರೆ ಬೂದು ಚಿತ್ರವನ್ನೇ ಕೊಟ್ಟುಬಿಡಿ. ಚುಕ್ಕೆಗಳನ್ನು ಅವರೇ ಮಾಡಿಕೊಳ್ಳುತ್ತಾರೆ. ನೀವೇ ಮಾಡುವುದಾದರೆ ಚಿತ್ರವನ್ನು ಅಚ್ಚಿನ ಅಳತೆಗೆ ತರುವುದು ಮೊದಲು, ಚುಕ್ಕೆ ಆಮೇಲೆ.