ಹಳ್ಳಿಯವರೇ ನಡೆಸುವ ಪ್ರವಾಸೋದ್ಯಮದಿಂದ ಕಾಡು ಹೇಗೆ ಉಳಿಯುತ್ತದೆ?

ಕಡಿದರೆ ಬರುವ ದುಡ್ಡಿಗಿಂತ ಉಳಿಸಿದರೆ ಬರುವುದು ಜಾಸ್ತಿಯಾದಾಗ, ಹಳ್ಳಿಯವರೇ ಕಾಡಿಗೆ ಕಾವಲು ನಿಲ್ಲುತ್ತಾರೆ. ಮರ ಮಾರಿದರೆ ಒಂದೇ ಸಲ ಕಾಸು. ಅದರ ಮೇಲಿನ ಹಕ್ಕಿ ನೋಡಲು ಜನ ವರ್ಷವರ್ಷವೂ ಬರುತ್ತಾರೆ.

ಆದರೆ ಆ ದುಡ್ಡು ಊರಿಗೇ ಸೇರಬೇಕು. ಪೆರುವಿನಲ್ಲಿ ತಂಬೊಪಾಟಾ ನದಿ ದಡದ ಇನ್ಫಿಯೆರ್ನೊ ಹಳ್ಳಿ 1996ರಲ್ಲಿ ಒಂದು ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು ಮಳೆಕಾಡಿನಲ್ಲಿ ವಸತಿಗೃಹ ಕಟ್ಟಿತು. ಆ ಒಪ್ಪಂದದಲ್ಲಿ ಲಾಭದ ಶೇ. 60 ಹಳ್ಳಿಗೆ, ಶೇ. 40 ಕಂಪನಿಗೆ ಎಂದಿತ್ತು. ಸುಮ್ನೆ ಕೂಲಿ ಕೊಟ್ಟಿದ್ದರೆ ಕಾಡು ನಮ್ಮದೆಂಬ ಮಮತೆ ಬರುತ್ತಿರಲಿಲ್ಲ.

ನಾವು ಗೋವಾ ಕನ್ನಡಿಗರು ಲೋಂಡಾ ಕಡೆಯಿಂದ ಬರುವಾಗ ರೈಲಿನ ಕಿಟಕಿಯಲ್ಲಿ ನೋಡುತ್ತೇವಲ್ಲ, ಆ ದೂಧಸಾಗರ ಜಲಪಾತಕ್ಕೆ ಗೋವಾದ ಕುಳೆಂ ಊರಿನಿಂದ ಹೋಗುವುದೂ ಊರಿನವರ ಜೀಪಿನಲ್ಲೇ. ಜೀಪು ಮಿತಿಮೀರಿದರೆ ಕಾಡಿಗೇ ಏಟು, ಅಲ್ವಾ? ಅದಕ್ಕೇ ದಿನಕ್ಕೆ ಇಂತಿಷ್ಟೇ ಜೀಪು ಎಂಬ ಮಿತಿ ಇದೆ.