ಹಡಗಲ್ಲಿ ಬಂದ ಅಲ್ಯೂಮಿನಿಯಂ ಶೀಟ್ ಮೇಲೆ ಬಿಳಿ ಕಲೆ, ಏನ್ ಮಾಡೋದು?

ಪ್ರಶ್ನೆ: ಸರ್, ಕಂಟೇನರ್‌ನಲ್ಲಿ ಬಂದ ಅಲ್ಯೂಮಿನಿಯಂ ಶೀಟ್ ಬಂಡಲ್ ಬಿಚ್ಚಿದ್ರೆ ಒಳಗಡೆ ಬೂದು-ಬಿಳಿ ಕಲೆ, ಅಂಚಿಂದ ಮಧ್ಯಕ್ಕೆ ಮ್ಯಾಪ್ ಥರ ಹರಡಿದೆ. ಪ್ಲಾಸ್ಟಿಕ್ ಎಲ್ಲೂ ಹರಿದಿಲ್ಲ. ಅಲ್ಯೂಮಿನಿಯಂಗೆ ತುಕ್ಕು ಹಿಡಿಯಲ್ಲ ಅಂತಾರಲ್ಲ? ವಾಪಸ್ ಕಳಿಸ್ಲಾ, ಉಜ್ಜಿ ಬಳಸ್ಲಾ?

ಉತ್ತರ: ಗಾಬರಿ ಬೇಡ, ಕಬ್ಬಿಣದ ಥರ ಹೊಪ್ಪಳಿಕೆ ಎದ್ದು ಉದುರೋ ತುಕ್ಕು ಅಲ್ಲ ಇದು. ಅಲ್ಯೂಮಿನಿಯಂ ಮೇಲೆ ಯಾವಾಗ್ಲೂ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ ಇರುತ್ತೆ, ಲೋಹನ ಕಾಯೋದೇ ಅದು. ಆದ್ರೆ ಒತ್ತೊತ್ತಾಗಿ ಜೋಡಿಸಿದ ಶೀಟ್‌ಗಳ ಸಂದಿಗೆ ನೀರು ಇಳಿದ್ರೆ ಗಾಳಿ ಆಡದೆ ಆರೋದೇ ಇಲ್ಲ, ಅಲ್ಲಿ ನೀರು ಹಿಡಿದ ಆಕ್ಸೈಡ್ ದಪ್ಪಗೆ ಬೆಳೆದು ಹೀಗೆ ಕಾಣುತ್ತೆ. ನೀರು ಎಲ್ಲಿಂದ ಬಂತು ಅಂದ್ರೆ, ಗಾಳಿಯಿಂದಾನೇ. ತಣ್ಣಗಿರೋ ಲೋಹಕ್ಕೆ ಬೆಚ್ಚಗಿನ ತೇವದ ಗಾಳಿ ತಾಗಿದ್ರೆ ಬೆವರುತ್ತೆ, ಫ್ರಿಜ್ಜಿಂದ ತೆಗೆದ ಬಾಟಲಿ ಥರ, ಇನ್ನು ಪ್ಯಾಕ್ ಮಾಡಿದ ಮರದ ಪ್ಯಾಲೆಟ್ ಹಸಿಯಾಗಿದ್ರಂತೂ ಪ್ಲಾಸ್ಟಿಕ್ಕೇ ತೇವನ ಒಳಗಡೆ ಹಿಡಿದಿಡುತ್ತೆ.

ಮೊದಲು ಪ್ಯಾಕಿಂಗ್ ಸಮೇತ ಫೋಟೋ ತೆಗೀರಿ, ಉಜ್ಜಿದ್ಮೇಲೆ ಕ್ಲೇಮ್ ಮಾಡೋಕೆ ಹೋದ್ರೆ ಯಾರೂ ಕೇಳಲ್ಲ. ಆಮೇಲೆ ಇವತ್ತೇ ಶೀಟ್‌ಗಳನ್ನ ಬಿಡಿಬಿಡಿ ಮಾಡಿ ನಿಲ್ಲಿಸಿ ಒಣಗಿಸಿ, ತೇವ ಹೋದ್ರೆ ಕಲೆ ಮುಂದಕ್ಕೆ ಹರಡಲ್ಲ. ಕಲೆ ಮೇಲೆ ಉಗುರು ಎಳೆದು ನೋಡಿ. ನುಣ್ಣಗಿದ್ರೆ ಮೇಲ್ಮೈದಷ್ಟೇ, ಶಕ್ತಿಗೇನೂ ಕಮ್ಮಿಯಾಗಿರಲ್ಲ, ನೈಲಾನ್ ಪ್ಯಾಡ್ ಜೊತೆಗೆ ಅಲ್ಯೂಮಿನಿಯಂಗೆ ಅಂತಾನೇ ಬರೋ ಫಾಸ್ಫೋರಿಕ್ ಆಸಿಡ್ ಕ್ಲೀನರ್ ಹಾಕಿದ್ರೆ ಸುಮಾರಾಗಿ ಹೋಗುತ್ತೆ (ಗ್ಲೌಸ್, ಕನ್ನಡಕ ಹಾಕ್ಕೊಳ್ಳಿ, ಕೊನೇಲಿ ಚೆನ್ನಾಗಿ ತೊಳೆದು ಒಣಗಿಸಿ). ಉಗುರಿಗೆ ಗರಗರ ಅಂದ್ರೆ ಲೋಹ ಕೊರೆದಿದೆ, ಅದನ್ನ ತೆಗೆಯೋಕೆ ಸ್ಯಾಂಡಿಂಗೇ ಬೇಕು. ಸ್ಟೀಲ್ ವುಲ್ ಮಾತ್ರ ಮುಟ್ಟಬೇಡಿ, ಕಬ್ಬಿಣದ ಚೂರು ಒಳಗೆ ಸಿಕ್ಕಿಕೊಂಡು ಹೊಸ ಕಲೆ ಶುರುವಾಗುತ್ತೆ. ಕಾಸ್ಟಿಕ್ ಸೋಡಾನೂ ಬೇಡ, ಲೋಹನೇ ತಿನ್ನುತ್ತೆ, ಹೈಡ್ರೋಜನ್ ಬೇರೆ ಬಿಡುತ್ತೆ.

ಇಷ್ಟಾದ್ರೂ ವಾಪಸ್ ಕಳಿಸ್ಬೇಕಾ ಅನ್ನೋದು ಬಳಕೆ ಮೇಲೆ ಇದೆ. ಕಾಣದ ಜಾಗಕ್ಕಾದ್ರೆ ಇಟ್ಕೊಳ್ಳಿ, ಪೇಂಟ್ ಹೊಡೆಯೋದಾದ್ರೂ ಕ್ಲೀನ್ ಮಾಡಿ ಇಟ್ಕೊಳ್ಳಿ. ಆನೋಡೈಸಿಂಗ್‌ಗೆ (ಕರೆಂಟ್ ಹರಿಸಿ ಆಕ್ಸೈಡ್ ಪೊರೆನ ದಪ್ಪ ಮಾಡೋ ಫಿನಿಶ್) ಅಂತ ತರಿಸಿದ್ರೆ ವಾಪಸ್ ಕಳಿಸಿ, ಅದು ಕಲೆ ಮುಚ್ಚಲ್ಲ, ಎತ್ತಿ ತೋರಿಸುತ್ತೆ. ವೆಲ್ಡಿಂಗ್ ಆದ್ರೆ ಜಾಯಿಂಟ್ ಜಾಗ ಪೂರ್ತಿ ಉಜ್ಜಲೇಬೇಕು, ಇಲ್ಲಾಂದ್ರೆ ಕಲೆಯ ಆಕ್ಸೈಡ್ ಹಿಡಿದಿಟ್ಟಿರೋ ನೀರಿನ ಹೈಡ್ರೋಜನ್ ಬೆಸುಗೆ ಗೆರೆಯಲ್ಲಿ ಸಣ್ಣಸಣ್ಣ ತೂತು ಮಾಡುತ್ತೆ.

ಮುಂದಿನ ಲೋಡ್ ಬಂದಾಗ ತಣ್ಣಗಿದ್ರೆ ತಕ್ಷಣ ಬಿಚ್ಚಬೇಡಿ, ಗೋಡೌನ್ ಒಳಗೆ ಹಾಗೇ ಬಿಟ್ಟು ಲೋಹ ಬೆಚ್ಚಗಾದ್ಮೇಲೆ ಪ್ಲಾಸ್ಟಿಕ್ ತೆಗೀರಿ.