ಸಾಲ ತೀರಲಿ, ಆಮೇಲೆ ನೋಡೋಣ

ನಿಮ್ಮ ಪತ್ರ ಓದಿದೆ. ಮನೆ ಸಾಲ ತೀರೋಕೆ ಇನ್ನೂ ಒಂಬತ್ತು ವರ್ಷ ಇದೆ, ಮಗಳು ಹೈಸ್ಕೂಲಿನಲ್ಲಿದ್ದಾಳೆ, ಇವೆರಡೂ ಒಂದು ದಡ ಸೇರಿದ ಮೇಲೆ ನೆಮ್ಮದಿಯಾಗಿ ಬದುಕೋಣ ಅಂದುಕೊಂಡಿದ್ದೀರಿ. "ಈ ಕ್ಷಣದಲ್ಲಿ ಬದುಕಿ ಅನ್ನೋರಿಗೆ ಕಂತು ಕಟ್ಟೋ ಚಿಂತೆ ಇಲ್ವಾ?" ಎಂದು ಸ್ವಲ್ಪ ಸಿಟ್ಟಿನಲ್ಲೇ ಕೇಳಿದ್ದೀರಿ. ಸಿಟ್ಟು ಸರಿಯಾಗೇ ಇದೆ.

ಆ ಉಪದೇಶ ಮಾಡುವವರು ನಾಳೆಯ ಯೋಚನೆಯನ್ನೇ ಬಿಟ್ಟುಬಿಡಿ ಎಂಬಂತೆ ಮಾತಾಡುತ್ತಾರೆ. ಹಾಗೆ ಬಿಟ್ಟರೆ ಸಂಸಾರ ನಡೆಯುತ್ತಾ? ಕಂತಿನ ಲೆಕ್ಕ ಹಾಕುವುದು, ಫೀಸಿಗೆ ದುಡ್ಡು ಎತ್ತಿಡುವುದು ಇವತ್ತಿನ ಕೆಲಸಗಳೇ, ಕೂತು ಮಾಡಿ ಮುಗಿಸಬಹುದು. ನನ್ನ ತಕರಾರು ಬೇರೆ. ಲೆಕ್ಕ ಮುಗಿದು ಪುಸ್ತಕ ಮುಚ್ಚಿದ ಮೇಲೂ ಮನಸ್ಸು ಅಲ್ಲೇ ಕೂತಿರುತ್ತಲ್ಲ, ಅದರ ಮೇಲೆ.

ನಿಮ್ಮ ಪತ್ರದಲ್ಲೇ ಇದೆ ನೋಡಿ. ಮಗಳು ಶಾಲೆಯಿಂದ ಬಂದವಳೇ ಬ್ಯಾಗು ಕೂಡ ಇಳಿಸದೆ ನಾಟಕದಲ್ಲಿ ತನಗೆ ಸಿಕ್ಕ ಪಾತ್ರದ ಬಗ್ಗೆ ಹೇಳುತ್ತಿದ್ದಳು, ನೀವು ಹೂಂ ಹೂಂ ಅನ್ನುತ್ತಾ ಅವಳ ಕಾಲೇಜು ಫೀಸಿನ ಲೆಕ್ಕದಲ್ಲಿದ್ದಿರಿ, "ಅಮ್ಮಾ, ನಂದು ಯಾವ ಪಾತ್ರ ಅಂದೆ ಹೇಳು" ಅಂದಾಗ ನಿಮಗೆ ಉತ್ತರ ಹೊಳೆಯಲಿಲ್ಲ. ಇದನ್ನು ಎರಡೇ ಸಾಲಲ್ಲಿ ಬರೆದು ಮುಂದೆ ಹೋಗಿದ್ದೀರಿ. ನನಗೆ ಇಡೀ ಪತ್ರದಲ್ಲಿ ಮುಖ್ಯ ಅನ್ನಿಸಿದ್ದು ಅದೇ. ಯಾರ ಸಲುವಾಗಿ ಇಷ್ಟೆಲ್ಲ ಲೆಕ್ಕವೋ ಅವಳೇ ಎದುರಿಗೆ ನಿಂತಿದ್ದಳು! ಒಂಬತ್ತು ವರ್ಷ ಬಿಟ್ಟು ಪುರುಸೊತ್ತಾಗಿ ಕೇಳೋಣ ಅಂದರೆ ಹೇಳುವ ಹುಮ್ಮಸ್ಸು ಅವಳಿಗಿರಬೇಕಲ್ಲ.

ಇದು ನಿಮ್ಮೊಬ್ಬರ ಕತೆ ಅಲ್ಲ ಬಿಡಿ. ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ ಎಂಬ ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞರು 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 2,250 ಜನರಿಗೆ ಯಾವ್ಯಾವುದೋ ಹೊತ್ತಿನಲ್ಲಿ ಫೋನಿನಲ್ಲಿ ಪ್ರಶ್ನೆ ಕಳಿಸಿ, ಈಗ ಏನು ಮಾಡ್ತಿದ್ದೀರಿ, ಮನಸ್ಸು ಎಲ್ಲಿದೆ, ಹೇಗನ್ನಿಸ್ತಿದೆ ಅಂತ ಕೇಳಿದ್ದರು. ನೂರಕ್ಕೆ ಸುಮಾರು 47 ಸಲ ಮನಸ್ಸು ಕೈಯಲ್ಲಿದ್ದ ಕೆಲಸದಲ್ಲಿ ಇರಲಿಲ್ಲ. ನನಗೆ ಆಶ್ಚರ್ಯ ತಂದದ್ದು ಇನ್ನೊಂದು: ಹಿತವಾದ ಯೋಚನೆಯಲ್ಲಿ ತೇಲುತ್ತಿದ್ದವರೂ ಮಾಡುವ ಕೆಲಸದಲ್ಲೇ ಮನಸ್ಸಿದ್ದವರಿಗಿಂತ ಜಾಸ್ತಿ ಖುಷಿಯಲ್ಲಿರಲಿಲ್ಲ. ಚಿಂತೆ ಮಾಡುತ್ತಿದ್ದವರ ಪಾಡಂತೂ ಕೇಳಲೇಬೇಡಿ.

ಸಾಲ ತೀರಿದ ದಿನ ಖುಷಿಯಾಗುತ್ತೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಕಾಯುವ ಚಾಳಿ ಸಾಲದ ಜೊತೆ ತೀರುವುದಿಲ್ಲ. ಆಗ ಮಗಳಿಗೊಂದು ಕೆಲಸ ಸಿಗಲಿ ಅಂತೀರಿ, ಆಮೇಲೆ ನಿವೃತ್ತಿ ಆಗಲಿ ಅಂತೀರಿ. ಬಡ್ತಿ ಸಿಕ್ಕರೆ ಸಾಕು ಅಂದಿದ್ದವರು ಬಡ್ತಿ ಸಿಕ್ಕ ಮೂರೇ ತಿಂಗಳಿಗೆ ಮುಂದಿನ ಬಡ್ತಿಯ ಮಾತಾಡುವುದನ್ನು ನೀವೂ ಕಂಡಿರ್ತೀರಿ, ಅಲ್ವಾ?

ಹಾಗಂತ ದಿನಪೂರ್ತಿ ಎಚ್ಚರದಿಂದ ಇರಿ ಅಂತ ಹೇಳೋದಿಲ್ಲ, ಅದು ಯಾರ ಕೈಲೂ ಆಗಲ್ಲ. ಮಗಳು ಮಾತಾಡುವ ಆ ಹತ್ತು ನಿಮಿಷ ಸುಮ್ನೆ ಅವಳ ಮುಖ ನೋಡಿಕೊಂಡು ಕೇಳಿ. ಮನಸ್ಸು ಫೀಸಿನ ಕಡೆ ಓಡುತ್ತೆ, ಓಡಲಿ, ಗೊತ್ತಾದ ತಕ್ಷಣ ವಾಪಸ್ ಬನ್ನಿ. ಸದ್ಯಕ್ಕೆ ಇಷ್ಟು ಸಾಕು.

ಕೊನೆಯಲ್ಲಿ ಧ್ಯಾನದ ತರಗತಿಗೆ ಸೇರಲಾ ಎಂದು ಕೇಳಿದ್ದೀರಿ. ಇಷ್ಟವಿದ್ದರೆ ಖಂಡಿತ ಸೇರಿ. ಆದರೆ ಅದನ್ನೂ "ಪರೀಕ್ಷೆಗಳೆಲ್ಲ ಮುಗಿದ ಮೇಲೆ" ಅಂತ ಬರೆದಿದ್ದೀರಲ್ಲ ಮಾರಾಯ್ರೇ!